ಬಲಗಡೆಯ ಕುರ್ಚಿ

ಹೊಲಿಗೆ ಅಂಗಡಿಯ ಅಕ್ಕತಂಗಿಯರನ್ನು ಬೀದಿಯವರೆಲ್ಲ ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಅರವತ್ತು ತುಂಬಿದರೂ ಚಿಕ್ಕವಳನ್ನು ಆ ಹೆಸರು ಬಿಡಲಿಲ್ಲ. ದೊಡ್ಡವಳು ತೀರಿಕೊಂಡು ವರ್ಷವಾಯಿತು, ಆಮೇಲೂ ಬಿಡಲಿಲ್ಲ.

ಚಿಕ್ಕವಳ ಕುತ್ತಿಗೆ ನೋವು ಈ ಚಳಿಗಾಲದಲ್ಲಿ ಭುಜಕ್ಕಿಳಿದು, ಬಲಗೈ ಬೆರಳುಗಳಿಗೆ ಬಂದು ಕೂತಿತು. ಮುಲಾಮು ತಿಕ್ಕಿದಳು, ದಿಂಬು ಬಿಟ್ಟು ಮಲಗಿದಳು. ಸೂಜಿ ಜಾರಿದರೆ ಜಾರಿದ್ದೇ ತಿಳಿಯದಂತಾದಾಗ ಡಾಕ್ಟರ ಹತ್ತಿರ ಹೋದಳು.

"ನರ ಒತ್ಕೊಂಡಿದೆ," ಎಂದರು ಅವರು, ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು. "ಮೊದಲು ಮಾತ್ರೆ, ವ್ಯಾಯಾಮ, ಸ್ವಲ್ಪ ದಿನ ಕುತ್ತಿಗೆಗೆ ಬೆಲ್ಟು. ನೋವು ಬಗ್ಗಲಿಲ್ಲ ಅಂದ್ರೆ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ರೆ ಆಪರೇಷನ್."

"ಬೆರಳು ಹೋಗ್ಬಿಟ್ರೆ ಏನು ಮಾಡ್ಲಿ ಡಾಕ್ಟ್ರೇ? ನಂಗೆ ಬೇರೆ ಕಸುಬು ಗೊತ್ತಿಲ್ಲ."

"ಅದಕ್ಕೇ ಬೆಲ್ಟು ಬಿಚ್ಬೇಡಿ ಅಂತಿರೋದು."

ಮೂರನೆಯ ದಿನ ಆಸ್ಪತ್ರೆಯ ವ್ಯಾಯಾಮ ಹೇಳಿಕೊಡುವಾಕೆ, ನಡುವಯಸ್ಸಿನ ಗಟ್ಟಿ ಹೆಂಗಸು, ಚಿಕ್ಕವಳು ಕೂರುವ ರೀತಿ ನೋಡಲು ಅಂಗಡಿಗೇ ಬಂದಳು. ಬೆಲ್ಟು ಮೇಜಿನ ಮೇಲೆ ಬಿದ್ದಿತ್ತು.

"ಏನಮ್ಮಾ, ಮೇಜಿಗೂ ಕುತ್ತಿಗೆ ನೋವಾ?"

ಚಿಕ್ಕವಳು ನಕ್ಕು, ಮೆಷಿನ್ನಿನಲ್ಲಿ ಅಂಗಿಯೊಂದರ ತೋಳು ಕೂಡಿಸಿ ಮುಗಿಸಿದಳು. ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ, ತುಟಿ ಅಗಲಿಸಿ, "ಐದು ಕಾಜಾ," ಎಂದು ಅಂಗಿಯನ್ನು ಪಕ್ಕದ ಕುರ್ಚಿಯತ್ತ ಚಾಚಿದಳು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

"ಯಾರಿಗೆ ಹೇಳಿದ್ರಿ?"

"ಅಕ್ಕನಿಗೆ. ಗುಂಡಿ ಹಾಕೋದು, ಗುಂಡಿ ತೂತಿಗೆ ಕಾಜಾ ಹೊಲಿಯೋದು ಎಲ್ಲಾ ಅವಳದೇ. ಕಿವಿ ಕೇಳಲ್ಲ, ತುಟಿ ನೋಡೇ ತಿಳ್ಕೋಬೇಕು. ಮೂವತ್ತು ವರ್ಷದಿಂದ ಹೀಗೇ ತಿರುಗ್ತಿದೀನಿ. ನಿನ್ನೆ ಇಡೀ ದಿನ ಬೆಲ್ಟು ಹಾಕ್ಕೊಂಡಿದ್ದೆ, ತಿರುಗಿ ಹೇಳೋಕೆ ಆಗ್ಲಿಲ್ಲ, ಏನಾಯ್ತು ನೋಡಿ."

ಮೊಳೆಗೆ ನೇತುಹಾಕಿದ್ದ ಅಂಗಿಯನ್ನು ತೆಗೆದು ಹರಡಿದಳು. ಎದೆ, ಬೆನ್ನು, ತೋಳು ಎನ್ನದೆ, ಇರುವೆ ಸಾಲಿನಂತೆ ಕಾಜಾಗಳು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ.

"ಎಷ್ಟು ಅಂತ ನಾನು ಹೇಳ್ಲಿಲ್ವಲ್ಲ. ನಿಲ್ಲಿಸೋದು ಹೇಗೆ, ಪಾಪ?"

ವ್ಯಾಯಾಮದಾಕೆ ಕಾಜಾಗಳನ್ನು ನೋಡಿದಳು, ಚಿಕ್ಕವಳ ಬಲಗೈ ನೋಡಿದಳು. ಆ ಕೈಗೆ ಒಂದು ಗುಂಡಿ ಹಾಕುವಷ್ಟೂ ಹಿಡಿತವಿಲ್ಲವೆಂದು ಮೊನ್ನೆ ಪರೀಕ್ಷಿಸಿ ಚೀಟಿಯಲ್ಲಿ ಬರೆದವಳು ಅವಳೇ.

"ಬೆಲ್ಟು ಹಾಕಿ ಹೀಗೇ ಮಾತು ಬಿಟ್ರೆ ಅವಳು ಹೋಗ್ಬಿಡ್ತಾಳೆ, ಬಿಚ್ಚಿದ್ರೆ ಬೆರಳು ಹೋಗ್ತವೆ," ಎಂದಳು ಚಿಕ್ಕವಳು. "ಯಾವುದನ್ನ ಬಿಡ್ಲಿ?"

"ನೀವು ತಿರುಗೋದು ನಿಂತ್ರೆ ಸಾಕಲ್ವಾ?" ವ್ಯಾಯಾಮದಾಕೆ ಖಾಲಿ ಕುರ್ಚಿಯತ್ತ ನೋಡಿದಳು. "ಎದುರಿಗೇ ಕೂರಿಸ್ಕೊಳ್ಳಿ."

ಇಬ್ಬರೂ ಸೇರಿ ಚಿಕ್ಕವಳ ಮೆಷಿನ್ನನ್ನು ಗೋಡೆಯಿಂದ ಈಚೆಗೆ ಎಳೆದರು, ಅದರ ಮುಂದಕ್ಕೆ ಅಕ್ಕನ ಕುರ್ಚಿಯನ್ನು ತಂದರು. ಮೆಷಿನ್ನಿಗಿಂತ ಬರಿಯ ಕುರ್ಚಿಯೇ ಭಾರವಾಗಿತ್ತು.

ಆರು ವಾರದ ಮೇಲೆ ವ್ಯಾಯಾಮದಾಕೆ ಮತ್ತೆ ಬಂದಾಗ ಚಿಕ್ಕವಳು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ತೋರಿಸಿದಳು.

"ನೋವು?"

"ನಂದು ಹೋಯ್ತು. ಅವಳಿಗೆ ಶುರುವಾಗಿದೆ. ಬಗ್ಗಿ ಬಗ್ಗಿ ಕೂರ್ತಾಳೆ, ನಾನು ಹೇಳಿದ್ರೆ ಕೇಳ್ಬೇಕಲ್ಲ!"

ವ್ಯಾಯಾಮದಾಕೆ ನಗಲಿಲ್ಲ. ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟಳು, ನಿಂತಳು. ಆಮೇಲೆ ಚೀಲವನ್ನು ಕೆಳಗಿಟ್ಟು, ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತುಟಿ ಅಗಲಿಸಿ ಕೇಳಿದಳು: "ಎಲ್ಲಿ ನೋವು? ತೋರ್ಸಿ."

ಸ್ವಲ್ಪ ಹೊತ್ತು ಕಾದಳು. ಎದ್ದು ಕುರ್ಚಿಯ ಹಿಂದೆ ಹೋಗಿ, ಬರಿಗಾಳಿಯಲ್ಲಿ ಎರಡೂ ಹೆಬ್ಬೆರಳು ಊರಿದಳು. ಬೆರಳುಗಳು ಅಲ್ಲೇ ತಡೆದು ನಿಂತವು.

"ಹೌದಮ್ಮಾ," ಎಂದಳು ಮೆಲ್ಲಗೆ. "ಇಲ್ಲೇ ಗಂಟು ಸಿಗ್ತಿದೆ."