ಬಾಟಲಿಯ ವಿಧ: ಗಾಜು

ಮುಂದಿನ ಸಾಲಿನವನ ಕಾಲರಿಗೆ ಲಾಂಡ್ರಿಯವರ ಚೀಟಿ ಹಾಗೇ ಉಳಿದಿದೆ, ನಾನೂರ ಹನ್ನೆರಡು, ಪಿನ್ನು ತುಕ್ಕು ಹಿಡಿದಿದೆ, ಕಿತ್ತುಬಿಡೋಣವೆಂದು ಹಿಂದೆ ಕೂತ ಇವನ ಕೈ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು — ಚೀಟಿ ಕಂಡರೆ ಓದದೆ ಬಿಡುವ ಜಾಯಮಾನವಲ್ಲ, ಇಪ್ಪತ್ತಾರು ವರ್ಷ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸಿದ ಕೈ, ಯಾವ ದಿನ, ಎಷ್ಟು ಗಂಟೆ, ಎಷ್ಟು ಆಳ, ಪ್ರಯೋಗಾಲಯದಲ್ಲಿ ತೊಟ್ಟು ಸಾಹೇಬರು ಎಂದೇ ಹೆಸರು, ಒಂದು ತೊಟ್ಟು ಹೆಚ್ಚಾದರೂ ಚೆಲ್ಲಿ ಮೊದಲಿಂದ ಅಳೆಯುವವರು, ಹಿಂದಿನಿಂದ ನಗುತ್ತಿದ್ದರು, ನಗಲಿ, ಆಗ ನಗುವುದಕ್ಕಾದರೂ ಒಂದು ಕಾರಣವಿತ್ತು. ಊರ ಸಭೆಯ ವೇದಿಕೆಯ ಮೇಲೆ ಗ್ಯಾಸು ಕಂಪನಿಯ ಅಧಿಕಾರಿ ಮೈಕು ತಟ್ಟುತ್ತಾನೆ, ಟಕ್ ಟಕ್, ಹಿಂದ್ಗಡೆಯವರಿಗೆ ಕೇಳಿಸ್ತಿದೆಯಾ, ಕೇಳಿಸುತ್ತಿದೆ ಮಹರಾಯ, ಮುಂದುವರಿಸು. ಸಮುದ್ರದಲ್ಲಿ ಗ್ಯಾಸು ತೆಗೆಯೋ ರಿಗ್ಗಿಗೆ ಬೆಂಕಿ ಬಿದ್ದು ಇವತ್ತಿಗೆ ನಲವತ್ತೊಂದು ದಿನ, ನಮ್ಮ ಒಬ್ಬ ಕೆಲಸಗಾರನ ಜೀವಕ್ಕೂ ತೊಂದರೆ ಆಗಿಲ್ಲ — ಅದು ನಿಜ, ಒಪ್ಪಬೇಕು, ಎಲ್ಲರನ್ನೂ ದೋಣಿಗಿಳಿಸಿ ಕರೆತಂದರು — ಗ್ಯಾಸು ಅನ್ನೋದು ಗಾಳಿ, ಗಾಳೀಲಿ ಉರೀತು, ಗಾಳೀಲೇ ಹೋಯ್ತು, ಸಮುದ್ರಕ್ಕೆ ಏನೂ ಬಿದ್ದಿಲ್ಲ. ಇದು ನಿಜವಲ್ಲ. ತಳದಿಂದ ಗ್ಯಾಸಿನ ಜೊತೆ ತೆಳುವಾದ ಎಣ್ಣೆಯೂ ಬರುತ್ತದೆ, ಐದು ದಿನ ಉರಿದದ್ದು ಉರಿದು ಮಿಕ್ಕಿದ್ದು ನೀರಿಗಿಳಿಯಿತು, ಮೈಕು ಹಿಡಿದವನಿಗೂ ಅದು ಗೊತ್ತು, ಇವನಿಗೂ ಗೊತ್ತು.

ಗಾಜಿನ ಬಾಟಲಿ ಸಿಕ್ಕಿದ್ದರೆ — ಎಷ್ಟು ಸಲ ಇದೇ ಮಾತು, ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ — ನೀರಿನ ಮಾದರಿ ತರಲು ಹೊರಟ ದಿನ, ಜೆಟ್ಟಿಯಲ್ಲಿ ಬೆಳಗ್ಗೆ ಏಳು ಗಂಟೆ, ಉಗ್ರಾಣದವನು ಪೆಟ್ಟಿಗೆ ತೆರೆದು ತಲೆ ಕೆರೆದುಕೊಂಡ, ಸಾರ್ ಗಾಜಿಂದು ಖಾಲಿ, ತರಿಸೋಕೆ ಹತ್ತು ದಿನ ಆಗುತ್ತೆ, ಇವೇ ಇರೋದು, ಬಿಳೀ ಪ್ಲಾಸ್ಟಿಕ್ಕಿನವು, ನಲವತ್ತು. ಎಣ್ಣೆ ಇದೆಯೇ ಎಂದು ನೋಡಬೇಕಾದ ನೀರನ್ನು ಪ್ಲಾಸ್ಟಿಕ್ಕಿನಲ್ಲಿ ತುಂಬಬಾರದು ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವನು ಇವನೇ, ಎಣ್ಣೆ ಹೋಗಿ ಬಾಟಲಿಯ ಗೋಡೆಗೆ ಹತ್ತಿಕೊಳ್ಳುತ್ತೆ ಕಣ್ರೋ, ನೀವು ಸುರಿದು ಅಳೆಯೋದು ಬರೀ ನೀರು. ಫೋನು ಮಾಡಲಿಲ್ಲವೆಂದಲ್ಲ, ಇದೇ ಅಧಿಕಾರಿಗೆ ಮಾಡಿದ, ಬಾಟ್ಲಿ ಯಾವ್ದಾದ್ರೇನ್ರೀ, ಒಳಗಿರೋದು ನೀರು ತಾನೇ, ಇವತ್ತು ಬೋಟು ತಪ್ಪಿದ್ರೆ ಮುಂದಿನ ವಾರ, ಅಲ್ಲೀವರೆಗೂ ಆ ಜನ ದಡದಲ್ಲಿ ಬಾಯಿ ಬಿಟ್ಕೊಂಡು ಕೂತಿರ್ಬೇಕಾ, ನಿಮಗೇನ್ರೀ, ತಿಂಗಳಾದ್ರೆ ಸಂಬಳ ಬರುತ್ತೆ — ಆ ಮಾತು ಚುರುಕ್ಕೆಂದಿತು, ಮೀನುಗಾರನ ಮಗ ಇವನು, ದೋಣಿ ಬಿಡಬೇಡಿ ಎಂದು ಅಪ್ಪಣೆಯಾಗಿ ಎರಡು ವಾರ, ಮೀನು ಮಾರುವ ತಂಗಿಯ ಬುಟ್ಟಿ ಖಾಲಿ, ಅವಳಿಗೆ ಒಳ್ಳೆಯದಾಗಲಿ ಅಂತಲೇ ಅಲ್ಲವೇ ಆ ಬೋಟು ಹತ್ತಿದ್ದು, ಅಥವಾ ಅದು ಆಮೇಲೆ ಹುಡುಕಿಕೊಂಡ ನೆಪವೇ, ಈಗ ಬೇರ್ಪಡಿಸಲು ಬರುತ್ತಿಲ್ಲ. ಫಾರಮ್ಮಿನಲ್ಲಿ ಬಾಟಲಿಯ ವಿಧ ಎಂಬಲ್ಲಿ ಗಾಜು ಎಂದು ಮೊದಲೇ ಅಚ್ಚಾಗಿತ್ತು. ಇವನು ಸುಳ್ಳು ಬರೆಯಲಿಲ್ಲ, ಅಚ್ಚಾದದ್ದನ್ನು ಹೊಡೆದುಹಾಕಲಿಲ್ಲ ಅಷ್ಟೆ, ಪೆನ್ನಿನ ಒಂದು ಗೆರೆ, ಅರ್ಧ ಬೆರಳುದ್ದ. ನೀರು ಸ್ವಚ್ಛ ಎಂದು ಯಂತ್ರ ಹೇಳಿತು, ಯಂತ್ರಕ್ಕೇನು ಗೊತ್ತು ಪಾಪ, ಆಮೇಲೆ ಖಾಲಿ ಬಾಟಲಿಯ ಕತ್ತಿನೊಳಗೆ ಬೆರಳು ತೂರಿಸಿದ, ಜಾರಿತು, ಮೂಸಿ ನೋಡಿದ, ಸೀಮೆಎಣ್ಣೆಯಂಥ ವಾಸನೆ, ಸುತ್ತ ಯಾರೂ ಇರಲಿಲ್ಲ, ನಲವತ್ತನ್ನೂ ಸೋಪಿನ ನೀರಿನ ತೊಟ್ಟಿಗೆ ಹಾಕಿ ಒಂದೊಂದಾಗಿ ತೊಳೆದ. ಗಾಜು ಬಂದ ಮೇಲೆ ಇನ್ನೊಂದು ಸಲ ಹೋಗಿ ತಂದರಾಯಿತು ಎಂದುಕೊಂಡ, ವರದಿ ನೋಡಿ ದೋಣಿಗಳನ್ನು ಬಿಟ್ಟರು, ಇನ್ನೊಂದು ಸಲ ಎಂಬುದನ್ನು ಯಾರೂ ಕೇಳಲಿಲ್ಲ, ಇವನೂ ಬಾಯಿ ಬಿಡಲಿಲ್ಲ.

ಹಿಂದೆ ಯಾರೋ ಎದ್ದರು, ಗಡಸು ದನಿ, ದೋಣಿಯವನೊಬ್ಬ, ಸಾರ್ ನಿಮ್ಮ ಗಾಳಿ ಸುದ್ದಿ ಬಿಡಿ, ಮೀನು ಹುರಿದ್ರೆ ಸೀಮೆಎಣ್ಣೆ ನಾತ ಬರುತ್ತೆ, ತಗೊಂಡೋರು ವಾಪಸ್ ತಂದು ಮುಖಕ್ಕೆ ಎಸೀತಾರೆ, ಸಭೆಯಲ್ಲಿ ಗುಜುಗುಜು, ಅಧಿಕಾರಿ ನಗುತ್ತಾನೆ, ಬೇಜಾರಿಲ್ಲದ ನಗೆ, ನಿಮ್ಮ ದೋಣಿ ಎಂಜಿನ್ ಏನು ಪನ್ನೀರು ಕುಡಿಯುತ್ತಾ ಅಣ್ಣ, ನಮ್ಮ ವರದಿ ಮಾಡಿದೋರು ಇಲ್ಲೇ ಕೂತಿದಾರೆ, ಕೇಳಿ. ಈಗ ಬಂತು, ಈಗ ಹೆಸರು ಹಿಡಿದು ಕರೆಯುತ್ತಾರೆ — ಆದರೆ ಎದ್ದದ್ದು ತಂಗಿ. ಮೂರನೇ ಸಾಲು, ಮಾರುಕಟ್ಟೆಯ ಹೆಂಗಸರ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳಕ್ಕೆ ನಿಲ್ಲುವಾಗ ಹಾಗೇ ನಿಲ್ಲುತ್ತಾಳೆ, ಏಳು ವರ್ಷದವಳಿದ್ದಾಗಿನಿಂದ. ಏನಪ್ಪಾ ನಿಂದು, ನೀರು ಪರೀಕ್ಷೆ ಮಾಡಿದ್ದು ನಮ್ಮಣ್ಣ, ಹೊರಗಿನೋರಲ್ಲ, ಅವನು ತೊಟ್ಟು ಲೆಕ್ಕದ ಮನುಷ್ಯ, ಸುಳ್ಳು ಹೇಳೋನಲ್ಲ, ನಿನ್ನ ಎಂಜಿನ್ ಸೋರ್ತಿದ್ರೆ ರಿಪೇರಿ ಮಾಡಿಸ್ಕೋ, ಮೊದಲನೇ ದಿನದ ಮೀನು ನನ್ನ ಮೊಮ್ಮಗಳಿಗೇ ತಿನ್ನಿಸಿದೀನಿ ನಾನು, ಈಗ್ಲೂ ದಿನಾ ತಿನ್ನಿಸ್ತೀನಿ. ಅಧಿಕಾರಿ ಚಪ್ಪಾಳೆ ತಟ್ಟಿದ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ನಿಮಗೆ.

ದಿನಾ ಎಂದಳು. ದಿನಾ. ವರದಿ ಬಂದಾಗ ಅವಳು ಬಂದು ಕೇಳಿದ್ದಳು, ಅಡುಗೆಮನೆಯ ಬಾಗಿಲಿಗೆ ಒರಗಿ, ಅಣ್ಣಾ, ಊರೋರ ಮಾತು ಬೇಡ, ನೀನು ಹೇಳು, ನೀರು ಸರಿ ಇದೆಯಾ, ಇವನು ತಟ್ಟೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, ವರದಿ ಸರಿಯಾಗಿದೆ ಕಣೇ ಎಂದ, ಅವಳು ಕೇಳಿದ್ದು ನೀರು, ಇವನು ಹೇಳಿದ್ದು ವರದಿ, ಅವಳಿಗೆ ಅಷ್ಟು ಸಾಕಾಯಿತು, ಅಣ್ಣನ ಬಾಯಿಂದ ಬಂದದ್ದು. ಮೊದಲ ದೋಣಿ ಬಂದ ದಿನ ಊಟಕ್ಕೆ ಕರೆದಳು, ಸೌದೆ ಒಲೆಯ ಮೇಲೆ ಮೀನು ಚುರ್ರೆನ್ನುತ್ತಿತ್ತು, ಆ ವಾಸನೆಯೊಳಗೆ ಇನ್ನೊಂದು ವಾಸನೆ, ಇತ್ತು, ಬಾಟಲಿಯೊಳಗಿಂದ ತೆಗೆದ ಬೆರಳಿನದ್ದೇ, ಸೀಮೆಎಣ್ಣೆ ಸ್ಟೋವಿನದ್ದಿರಬೇಕು ಎಂದು ಮೂಗಿಗೆ ಹೇಳಿದ, ಅವಳ ಮನೆಯಲ್ಲಿ ಸ್ಟೋವು ಇಲ್ಲ. ತಟ್ಟೆ ಹಾಕಿದಾಗ, ಹೊಟ್ಟೆ ತುಂಬಿದೆ ಕಣೇ, ನನಗೆ ಬೇಡ ಎಂದ. ಇದನ್ನು ಯಾವ ಫಾರಮ್ಮಿನಲ್ಲಿ ಬರೆಯಬೇಕು, ತಾನು ತಿನ್ನಲಿಲ್ಲ, ಹಸಿವಿತ್ತು, ತಿನ್ನಲಿಲ್ಲ, ಎದುರಿಗೆ ಕೂತು ನೋಡಿದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು ತಂಗಿ, ಮೂರು ವರ್ಷದ್ದು, ಮೀನಿನ ತುಂಡನ್ನು ತಟ್ಟೆಯಲ್ಲಿ ಬಿಡಿಸಿ ಎರಡು ಬೆರಳಿನಲ್ಲಿ ತಡಕುತ್ತಾಳೆ, ಕೂದಲಿನಷ್ಟು ಮುಳ್ಳು, ತೆಗೆದಳು, ಇನ್ನೊಂದು, ತೆಗೆದಳು, ಮತ್ತೊಮ್ಮೆ ಒತ್ತಿ ನೋಡಿದಳು, ಗಂಟಲಿಗೆ ಸಿಕ್ಕರೆ ಕಷ್ಟ ನೋಡು ಎಂದಳು ಇವನಿಗೆ, ಎಷ್ಟು ಜೋಪಾನ, ಏನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಮಗುವಿನ ಬಾಯಿಗಿಟ್ಟಳು, ತಾತ ನೋಡ್ತಿದಾನೆ, ಆ ಅನ್ನು, ಮಗು ಆ ಎಂದಿತು, ಇನ್ನೊಂದು ಬೇಕೆಂದಿತು. ಬೇಡ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು, ಮೂರು ತುಂಡು ತಿಂದಿತು, ಎಣಿಸಿದ.

ಕಾಲರಿನ ಚೀಟಿಯವನು ತಿರುಗಿ ಮೈಕು ಕೊಡುತ್ತಿದ್ದಾನೆ, ಹಿಡ್ಕೊಳ್ಳಿ ಸಾರ್, ಇವನು ಎದ್ದು ನಿಂತ, ಅಧಿಕಾರಿ ಅಲ್ಲಿಂದಲೇ, ಎರಡೇ ಮಾತು ಸಾಕು ಸಾರ್, ವರದಿ ನನ್ನದೇ ಅಂದ್ಬಿಡಿ, ತಂಗಿ ಹಿಂದಕ್ಕೆ ತಿರುಗಿ ಇವನನ್ನೇ ನೋಡುತ್ತಿದ್ದಾಳೆ, ಹೆಮ್ಮೆಯಿಂದ, ಅಕ್ಕಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಾ, ಇವನೇ, ನಮ್ಮಣ್ಣ. ಎಲ್ಲಿಂದ ಶುರುಮಾಡುವುದು, ಬಾಟಲಿಯಿಂದಲೇ, ಗೆರೆಯಿಂದಲೇ, ಪ್ಲಾಸ್ಟಿಕ್ಕಿಗೆ ಎಣ್ಣೆ ಹತ್ತಿಕೊಳ್ಳುತ್ತದೆ ಎಂದರೆ ಯಾರಿಗೆ ಅರ್ಥವಾದೀತು, ಅದಕ್ಕೇನೀಗ ಅಂತಾರೆ, ಕೆಲಸ ಹೋಗುತ್ತದೆ, ಹೋಗಲಿ, ದೋಣಿಗಳು ಮತ್ತೆ ದಡಕ್ಕೆ ಬೀಳುತ್ತವೆ, ಅವಳ ಬುಟ್ಟಿ, ಅವಳು ಇನ್ನು ಅಣ್ಣ ಅನ್ನುತ್ತಾಳೋ ಇಲ್ಲವೋ — ಮಗೂಗೆ ಇನ್ನು ಆ ಮೀನು ಕೊಡಬೇಡ ಕಣೇ, ಎಂದಿತು ಒಂದು ದನಿ, ಮೈಕಿನಲ್ಲಿ ದೊಡ್ಡದಾಗಿ, ನಾಲ್ಕೂ ಗೋಡೆಗೆ ಬಡಿದು ಬಂತು, ತನ್ನದೇ ದನಿ, ತಂಗಿಯ ಮುಖದ ನಗು ಇನ್ನೂ ಇಳಿದಿಲ್ಲ, ಅರ್ಥವಾಗಿಲ್ಲ, ಈಗ ಆಗುತ್ತದೆ, ಇನ್ನೊಂದು ಕ್ಷಣ — ಎರಡು ಬೆರಳು, ಮೀನಿನ ತುಂಡಿನಲ್ಲಿ ತಡಕುತ್ತಿವೆ, ಒಂದು ಮುಳ್ಳು, ತೆಗೆದು ತಟ್ಟೆಯ ಅಂಚಿಗೆ, ಮತ್ತೆ ತಡಕುತ್ತಿವೆ, ಮೆಲ್ಲಗೆ, ಏನೂ ಉಳಿಯಬಾರದೆಂದು, ಮತ್ತೆ ಆ ಎರಡು ಬೆರಳು