ಎಡಗಣ್ಣಿನ ರೆಪ್ಪೆ

"ನೋಡ್ರೋ, ನೋಡ್ರಿ ನಿಮ್ಮ ಹೀರೋನ! ಲಾರಿ ಓಡಿಸ್ತಾ ಇದಾನೋ, ತೊಟ್ಲಲ್ಲಿ ಮಲಗಿದಾನೋ?"

ಸೂಪರ್‌ವೈಸರ್ ಕೈಯಲ್ಲಿದ್ದ ರಿಮೋಟನ್ನು ಚಾಚಿ ಲಾರಿಯ ಕ್ಯಾಮೆರಾ ಹಿಡಿದ ಚಿತ್ರವನ್ನು ಅಲ್ಲೇ ನಿಲ್ಲಿಸಿದ. ಕಂಪನಿ ಆಫೀಸಿನ ಗೋಡೆಯ ದೊಡ್ಡ ಟೀವಿಯ ತುಂಬ ಅರೆಗಣ್ಣನ ಮುಖ. ಬಾಯಿ ಅರ್ಧ ತೆರೆದಿತ್ತು. ಎಡಗಣ್ಣಿನ ಸುತ್ತ ಒಂದು ಕೆಂಪು ಚೌಕ, ಅದರ ಕೆಳಗೆ ಕೆಂಪಕ್ಷರದಲ್ಲಿ 'ನಿದ್ದೆ'.

ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತಿದ್ದ ಡ್ರೈವರ್‌ಗಳು ನಕ್ಕರು. ಸ್ಟೂಲು ಸಾಲದೆ ಗೋಡೆಗೊರಗಿ ನಿಂತವರೂ ನಕ್ಕರು. ಅರೆಗಣ್ಣನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹೋದ ಸೋಮವಾರ ಎಲ್ಲರಿಗಿಂತ ಹಿರಿಯನಾದ ಮಾಮ ಮೂಗಿನೊಳಗೆ ಬೆರಳಿಟ್ಟಿದ್ದನ್ನು ಇದೇ ಗೋಡೆಯ ಮೇಲೆ ತೋರಿಸಿದಾಗ ತಾನೂ ನಕ್ಕಿದ್ದ. ಅದರ ಹಿಂದಿನ ವಾರ ಒಬ್ಬ ಡ್ರೈವರ್ ಸ್ಟೀರಿಂಗ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳುತ್ತಿದ್ದ ಚಿತ್ರ ಬಂದಿತ್ತು. ತಾಯಿ ತೀರಿಹೋದ ಸುದ್ದಿ ಅವನಿಗೆ ಆಗಷ್ಟೇ ಫೋನಿನಲ್ಲಿ ಬಂದಿತ್ತು. ಕೆಳಗೆ 'ಗಮನ ಬೇರೆಡೆ' ಎಂದಿತ್ತು. ಆವತ್ತು ನಕ್ಕವನು ರಿಮೋಟ್ ಒಬ್ಬನೇ. ಸೂಪರ್‌ವೈಸರನ್ನು ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು ರಿಮೋಟ್ ಎಂದೇ.

"ಒಂದು ಟ್ರಿಪ್ಪಲ್ಲಿ ಐವತ್ಮೂರು ಸಲ ಮಲಗಿದೀಯ. ನಾಚಿಕೆ ಆಗಲ್ವಾ?"

"ಐವತ್ಮೂರು ಸಲ ಮಲಗಿದ್ರೆ ನಾನು ಇಲ್ಲಿ ನಿಂತಿರ್ತಿರ್ಲಿಲ್ಲ ಸಾರ್. ಫೋಟೋ ಆಗಿ ಗೋಡೆ ಮೇಲಿರ್ತಿದ್ದೆ."

"ಗೋಡೆ ಮೇಲೇ ಇದೀಯಲ್ಲ!" ರಿಮೋಟ್ ಟೀವಿಯನ್ನು ಬೆರಳಿನಿಂದ ಕುಟ್ಟಿ ತೋರಿಸಿದ. ಮತ್ತೆ ನಗು.

"ಸಾರ್, ನನ್ನ ಕಣ್ಣು ತೆರೆಯೋದೇ ಇಷ್ಟು. ಎಲ್ಲರಿಗೂ ಗೊತ್ತು."

ಗೊತ್ತಿಲ್ಲದೆ ಏನು? ಹತ್ತೊಂಬತ್ತು ವರ್ಷದ ಹಿಂದೆ, ಈ ಕಿಟಕಿಯಿಂದ ಕಾಣುವ ಇದೇ ಅಂಗಳದಲ್ಲಿ, ಕಬ್ಬಿಣದ ಪೈಪಿನ ಲೋಡು ಬಿಗಿಯುವಾಗ ಹಳೆಯ ಬೆಲ್ಟು ಕಿತ್ತು ಅದರ ಕೊಕ್ಕೆ ಅವನ ಹುಬ್ಬಿಗೆ ಬಡಿದಿತ್ತು. ಬೆಲ್ಟು ಹಳತಾಗಿದೆ ಎಂದು ಅವನು ಎರಡು ಸಲ ಹೇಳಿದ್ದ. ಆಮೇಲೆ ಮಾಲೀಕರು ಹಣ್ಣಿನ ಚೀಲ ಹಿಡಿದು ಆಸ್ಪತ್ರೆಗೇ ಬಂದು, "ನೀನು ನಮ್ಮ ಮನೆ ಮಗ ಇದ್ದ ಹಾಗೆ ಕಣಯ್ಯ" ಎಂದಿದ್ದರು. "ಕಣ್ಣು ಚೆನ್ನಾಗಿ ಕಾಣುತ್ತೆ, ಪರದೆ ಮಾತ್ರ ಅರ್ಧ ಇಳಿದಿರುತ್ತೆ" ಎಂದಿದ್ದರು ಡಾಕ್ಟರು. ಅರೆಗಣ್ಣ ಎಂಬ ಹೆಸರು ಅಂಟಿದ್ದು ಆವಾಗ. ಲೈಸೆನ್ಸಿನ ತಪಾಸಣೆಯಲ್ಲಿ ಆ ಕಣ್ಣು ಒಮ್ಮೆಯೂ ತಪ್ಪು ಓದಿರಲಿಲ್ಲ.

ಅವನು ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲಿಟ್ಟ. ರಿಮೋಟ್ ಅದನ್ನು ತಿರುಗಿಸಿಯೂ ನೋಡದೆ ಅದರ ಮೇಲೆ ತನ್ನ ಟೀ ಲೋಟ ಇಟ್ಟ.

"ಮಿಷನ್ನಿಗೆ ಓದಕ್ಕೆ ಬರಲ್ಲ ಕಣೋ."

"ನಿಮಗೆ ಬರುತ್ತಲ್ಲ ಸಾರ್."

ರಿಮೋಟಿನ ಕಿವಿ ಕೆಂಪಾಯಿತು.

"ನೋಡೋನು ನಾನಲ್ಲ, ಅದು. ಇನ್ನೊಂದು ವಾರ ಟೈಮ್ ಕೊಡ್ತೀನಿ. ಸೋಮವಾರ ಇದೇ ಗೋಡೆ ಮೇಲೆ ಒಂದೇ ಒಂದು ಕೆಂಪು ಚೌಕ ಕಂಡ್ರೂ ಕೀಲಿ ಮೇಜಿನ ಮೇಲಿಟ್ಟು ಹೋಗ್ತಾ ಇರು. ಮತ್ತೆ ಎಲ್ಲರೂ ಕೇಳಿಸ್ಕೊಳ್ಳಿ. ಕ್ಯಾಮೆರಾನ ಮುಟ್ಟೋ ಹಾಗಿಲ್ಲ. ಮುಚ್ಚೋ ಹಾಗಿಲ್ಲ. ತಂತಿ ಕಿತ್ರೂ ಒಳಗೆ ಒಂದು ಗಂಟೆಯ ಬ್ಯಾಟರಿ ಇದೆ. ನೀವು ಸತ್ರೂ ಅದು ಒಂದು ಗಂಟೆ ನಿಮ್ಮನ್ನ ನೋಡ್ತಾನೇ ಇರುತ್ತೆ, ತಿಳೀತಾ?"

ಅರೆಗಣ್ಣ ಹೊರಗೆ ಬಂದು ಲಾರಿ ಹತ್ತಿದ. ಮುಂದಿನ ಗಾಜಿನ ಮೇಲೆ, ಸೋಪಿನ ಡಬ್ಬಿಯಷ್ಟಗಲದ ಕಪ್ಪು ಕ್ಯಾಮೆರಾ ಕೆಂಪು ದೀಪ ಉರಿಸಿಕೊಂಡು ಕಾದಿತ್ತು. ಇಂಜಿನ್ ಶುರುವಾಗುತ್ತಿದ್ದಂತೆ ಅದರೊಳಗಿನ ಹೆಂಗಸು ಮಾತಾಡಿದಳು.

"ಚಾಲಕರೇ, ನೀವು ನಿದ್ದೆ ಮಾಡುತ್ತಿದ್ದೀರಿ. ದಯವಿಟ್ಟು ವಾಹನ ನಿಲ್ಲಿಸಿ."

"ಇನ್ನೂ ಹೊರಟೇ ಇಲ್ವಲ್ಲೇ, ಬೋಳಿಮಗಳೆ!"

ಮೊದಲಾದರೆ ಈ ಕ್ಯಾಬಿನ್ ಎಂದರೆ ಅವನ ಮನೆಯೇ. ಚಪ್ಪಲಿ ಬಿಟ್ಟೇ ಒಳಗೆ ಹತ್ತುತ್ತಿದ್ದ. ಇಲ್ಲಿ ಅಂಗಿ ಬದಲಾಯಿಸುತ್ತಿದ್ದ, ಮಕ್ಕಳ ಮೇಲಿನ ಸಿಟ್ಟನ್ನು ಸ್ಟೀರಿಂಗಿನ ಹತ್ತಿರ ತೋಡಿಕೊಳ್ಳುತ್ತಿದ್ದ, ಗಂಟಲು ಹರಿಯುವ ಹಾಗೆ ಹಾಡುತ್ತಿದ್ದ. ಕ್ಯಾಮೆರಾ ಬಂದ ಮೂರನೇ ದಿನಕ್ಕೆ ಹಾಡು ನಿಂತಿತು. ಬಾಯಿ ತೆರೆದರೆ ಅವಳು ಆಕಳಿಕೆ ಎಂದು ಬರೆದುಕೊಳ್ಳುತ್ತಿದ್ದಳು. ಕುತ್ತಿಗೆ ತುರಿಸಿಕೊಂಡರೆ ಫೋನು. ಎದುರು ಬಂದ ಲಾರಿಯ ಗೆಳೆಯನಿಗೆ ಕೈಯೆತ್ತಿದರೆ ಗಮನ ಬೇರೆಡೆ. ಈಗ ಅವನು ಸತ್ತ ಹೆಣದಂತೆ ಬಿಗಿದು ಕೂರುತ್ತಿದ್ದ. ಹೆಣಕ್ಕಾದರೂ ಕಣ್ಣು ಮುಚ್ಚುವ ಅನುಕೂಲವಿದೆ.

ಆ ರಾತ್ರಿ ಮನೆಯಲ್ಲಿ ಪ್ಲಾಸ್ಟರಿನ ಉಪಾಯ ಹೊಳೆದದ್ದು ಅವನಿಗೇ. ಹೆಂಡತಿ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ಅವಳ ಚೀಲದಲ್ಲಿ ಬಿಳಿ ಪ್ಲಾಸ್ಟರಿನ ಸುರುಳಿಯೂ ಕತ್ತರಿಯೂ ಯಾವಾಗಲೂ ಇರುತ್ತಿದ್ದವು.

"ರೆಪ್ಪೆ ಎತ್ತಿ ಹುಬ್ಬಿಗೆ ಅಂಟಿಸ್ಬಿಡು" ಎಂದ.

"ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಅವಳು ಕತ್ತರಿ ಕೆಳಗಿಟ್ಟಳು. "ಪ್ರಜ್ಞೆ ಇಲ್ದೇ ಮಲಗಿರೋರ ಕಣ್ಣು ಒಣಗಬಾರದು ಅಂತ ನಾವು ರೆಪ್ಪೆ ಮುಚ್ಚಿ ಪ್ಲಾಸ್ಟರ್ ಹಾಕ್ತೀವಿ. ನೀವೊಬ್ರು ಎಚ್ಚರ ಇರೋರು, ತೆರೆಯೋಕೆ ಹಾಕಿಸ್ಕೊಳ್ತೀನಿ ಅಂತೀರಲ್ಲ!"

"ಒಂದು ವಾರ ಕಣೇ."

"ಒಂದು ವಾರ ಆದ್ಮೇಲೆ ಕಣ್ಣು ತಾನಾಗೇ ತೆರ್ಕೊಳ್ಳುತ್ತಾ? ಕೆಲಸ ಹೋದ್ರೆ ಹೋಗ್ಲಿ, ಬೇರೆ ಕಂಪನಿ ಇಲ್ವಾ?"

"ಎಲ್ಲಾ ಕಡೆಗೂ ಇದೇ ಮುಂಡೇದು ಬಂದಿದೆ. ಐವತ್ತೆರಡು ವಯಸ್ಸು, ಅರ್ಧ ಕಣ್ಣು. ಯಾವನು ಕರೆದು ಕೀಲಿ ಕೊಡ್ತಾನೆ? ಸ್ಟೀರಿಂಗ್ ಬಿಟ್ರೆ ನನಗೆ ಇನ್ನೇನು ಬರುತ್ತೆ, ಹೇಳು."

ಅವಳು ಮತ್ತೆ ಕತ್ತರಿ ಎತ್ತಿಕೊಂಡಳು. ಎರಡು ಬೆರಳಿನಷ್ಟು ಉದ್ದದ ಪಟ್ಟಿ ಕತ್ತರಿಸಿದಳು. ವಾರ್ಡಿನಲ್ಲಿ ಮಾಡುವಂತೆ ಮೊದಲು ಕೈ ತೊಳೆದುಕೊಂಡು, ಅವನ ಗದ್ದ ಹಿಡಿದು ರೆಪ್ಪೆಯನ್ನು ಮೆಲ್ಲಗೆ ಮೇಲಕ್ಕೆಳೆದು ಅಂಟಿಸಿದಳು. ಹತ್ತೊಂಬತ್ತು ವರ್ಷದ ಮೇಲೆ ಆ ಕಣ್ಣು ಇಡಿಯಾಗಿ ಅವಳನ್ನು ನೋಡಿತು. ಅವಳು ಮುಖ ಆಚೆ ತಿರುಗಿಸಿದಳು.

"ಗಂಟೆಗೊಂದು ಸಲ ಈ ಹನಿ ಹಾಕ್ಕೊಳ್ಳಿ. ಮರೀಬೇಡಿ."

ಮರೆಯುವ ಮಾತೇ ಇರಲಿಲ್ಲ, ಹಾಕಿಕೊಳ್ಳಲು ಬಿಟ್ಟರೆ ತಾನೆ? ತಲೆ ಹಿಂದಕ್ಕೆ ವಾಲಿಸಿದರೆ ದೃಷ್ಟಿ ರಸ್ತೆಯ ಮೇಲಿಲ್ಲ. ಪಕ್ಕಕ್ಕೆ ನಿಲ್ಲಿಸಿದರೆ ಅನುಮತಿಯಿಲ್ಲದ ನಿಲುಗಡೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಮೆಣಸಿನ ಪುಡಿ ಎರಚಿದಂತಾಯಿತು. ಎರಡನೇ ದಿನ ನೀರು ಸುರಿಯತೊಡಗಿತು. ಒರೆಸಲು ಕೈಯೆತ್ತಿದರೆ, "ಚಾಲಕರೇ, ಕ್ಯಾಮೆರಾಗೆ ಅಡ್ಡಿಪಡಿಸಬೇಡಿ." ನಾಲ್ಕನೇ ದಿನ ಎಡಗಡೆಯ ಕನ್ನಡಿಯಲ್ಲಿ ರಸ್ತೆಯೂ ಇಲ್ಲ, ಗಾಡಿಗಳೂ ಇಲ್ಲ, ಹಾಲು ಚೆಲ್ಲಿದ ಹಾಗೆ ಬರೀ ಬಿಳುಪು. ಅರ್ಧ ಮುಚ್ಚಿದಾಗ ಎಲ್ಲವನ್ನೂ ಕಾಣುತ್ತಿದ್ದ ಕಣ್ಣು ಪೂರ್ತಿ ತೆರೆದ ಮೇಲೆ ಕುರುಡಾಗಿತ್ತು.

ಪ್ರತಿ ಟ್ರಿಪ್ಪಿನ ಕೊನೆಗೂ ಕ್ಯಾಮೆರಾದವಳು ಹೇಳುತ್ತಿದ್ದಳು: "ನಿದ್ದೆ ಸೊನ್ನೆ. ಉತ್ತಮ ಚಾಲನೆ. ಧನ್ಯವಾದಗಳು."

ಸೋಮವಾರ ಬೆಳಿಗ್ಗೆ, ಮೀಟಿಂಗಿಗೆ ಇನ್ನೂ ಹತ್ತು ನಿಮಿಷ ಇರುವಾಗ, ಅರೆಗಣ್ಣ ಕಂಪನಿಯ ಗೇಟಿನೊಳಗೆ ಎಡಕ್ಕೆ ತಿರುಗಿಸಿದ. ಸಾವಿರ ಸಲ ತಿರುಗಿಸಿದ ತಿರುವು. ಕನ್ನಡಿ ನೋಡಿದ, ಬಿಳುಪು ಕಂಡಿತು. ಖಾಲಿ ಇದೆ ಎಂದುಕೊಂಡ.

ಟಯರಿನ ಕೆಳಗೆ ಲಟಕ್ಕೆಂದು ಏನೋ ಮುರಿಯಿತು. ಅದರ ಹಿಂದೆಯೇ ಒಂದು ಚೀರಾಟ.

ಬ್ರೇಕ್ ಒತ್ತಿ ಇಂಜಿನ್ ಆರಿಸಿದ. ಇಳಿದು ಓಡಿದ. ಅಂಗಳ ಗುಡಿಸುವ ಅಕ್ಕ ಗೇಟಿನ ಕಂಬಕ್ಕೆ ಆತುಕೊಂಡು ಬಿದ್ದಿದ್ದಳು. ಅವಳ ಉದ್ದ ಕೋಲಿನ ಪೊರಕೆಯೂ ಎಡಗಾಲಿನ ಚಪ್ಪಲಿಯೂ ಚಕ್ರದಡಿ ಇದ್ದವು. ಹಿಮ್ಮಡಿಯ ಚರ್ಮ ಕಿತ್ತುಬಂದಿತ್ತು. ಇನ್ನೊಂದು ಗೇಣು ಈಚೆಗಿದ್ದರೆ ಕಾಲು ಅಲ್ಲೇ ಇರುತ್ತಿತ್ತು.

"ಹಾಳಾಗಿ ಹೋಗೋನೆ! ಕಣ್ಣೇನು ಅಂಡಿನ ಮೇಲಿದೆಯೇನೋ ನಿಂಗೆ? ಕನ್ನಡಿ ಹತ್ರಾನೇ ನಿಂತು ಕೈ ಬೀಸ್ದೆ, ಕೂಗ್ದೆ, ಸೂಳೆಮಗನೆ, ಮೇಲೇ ಬರ್ತೀಯಲ್ಲೋ!"

"ಅಕ್ಕಾ... ಕಾಣ್ಲಿಲ್ಲ ಅಕ್ಕಾ."

"ಹಗಲು ಹೊತ್ತಲ್ಲಿ ಇಷ್ಟು ದೊಡ್ಡ ಹೆಂಗಸು ಕಾಣ್ಲಿಲ್ವಾ?" ಎನ್ನುತ್ತ ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಬೈಗುಳ ಬಾಯಲ್ಲೇ ನಿಂತಿತು. "ಅಯ್ಯಯ್ಯೋ! ಇದೇನೋ ಇದು? ಮೀನಿನ ಕಣ್ಣಾಗಿದೆಯಲ್ಲೋ! ಯಾವನೋ ಇದನ್ನ ಅಂಟಿಸಿದ್ದು?"

ಮೇಲೆ ಕ್ಯಾಬಿನ್ನಿನಿಂದ ಇಂಪಾದ ದನಿ ಕೇಳಿಸಿತು.

"ಪ್ರಯಾಣ ಮುಗಿದಿದೆ. ನಿದ್ದೆ ಸೊನ್ನೆ. ಉತ್ತಮ ಚಾಲನೆ. ಧನ್ಯವಾದಗಳು."

"ಯಾರೋ ಅವಳು, ಒಳಗೆ ಕೂತು ಹೊಗಳ್ತಿರೋಳು?" ಎಂದಳು ಅಕ್ಕ.

ಅರೆಗಣ್ಣ ಅವಳ ಹಿಮ್ಮಡಿ ನೋಡಿದ. ಮುರಿದ ಪೊರಕೆ ನೋಡಿದ. ಆಮೇಲೆ ಲಾರಿ ಹತ್ತಿ ಕ್ಯಾಮೆರಾಗೆ ಎರಡೂ ಕೈ ಹಾಕಿದ. ಮೊದಲ ಎಳೆತಕ್ಕೆ ಬರಲಿಲ್ಲ. ಎರಡನೆಯದಕ್ಕೆ ಗಾಜಿನ ಅಂಟು ಕಿತ್ತು, ತಂತಿ ಬಾಲದಂತೆ ಜೋತಾಡುತ್ತ ಕೈಗೆ ಬಂತು. ಕೆಂಪು ದೀಪ ಆರಲಿಲ್ಲ.

"ನಡಿ ಅಕ್ಕಾ" ಎಂದ. "ಮೀಟಿಂಗ್ ಇದೆ."

"ನನಗೆಂಥಾ ಮೀಟಿಂಗೋ?"

"ನಡಿ ನೀನು."

ಅಕ್ಕ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹಿಂದೆ ಬಂದಳು. ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ರಿಮೋಟಿನ ದನಿ ಬರುತ್ತಿತ್ತು.

"...ಐವತ್ಮೂರರಿಂದ ಸೊನ್ನೆಗೆ! ನೋಡಿ ಕಲೀರಿ. ಕಣ್ಣು ತೆರೆಯಲ್ಲ ಅಂತ ಚೀಟಿ ಬೇರೆ ತಂದಿದ್ದ. ಹೆದರಿಸಿದ್ರೆ ಎಲ್ಲರ ಕಣ್ಣೂ ತಾನಾಗೇ ತೆರೆಯುತ್ತೆ. ಈಗ್ಲೇ ತೋರಿಸ್ತೀನಿ ಇರಿ, ಗೇಟಿಗೆ ಬಂದಿರಬೇಕು. ಲೈವ್..."

ಒಳಗೆ ಸ್ಟೂಲುಗಳು ಸರಿದ ಸದ್ದಾಯಿತು.

ಯಾರೋ ಒಬ್ಬ, "ಮೆಟ್ಲು ಕಾಣ್ತಿದೆ" ಎಂದ. ಇನ್ನೊಬ್ಬ, "ಅದು ನಮ್ಮ ಮೆಟ್ಲೇ ಕಣೋ" ಎಂದ.

ಅರೆಗಣ್ಣ ಭುಜದಿಂದ ಬಾಗಿಲು ತಳ್ಳಿದ. ಗೋಡೆಯ ಟೀವಿಯಲ್ಲಿ ಬಾಗಿಲು ತೆರೆಯಿತು, ಸ್ಟೂಲುಗಳು ಬಂದವು, ತಿರುಗಿದ ಮುಖಗಳು ಬಂದವು. ಅವನು ನೇರ ಮೇಜಿನ ಹತ್ತಿರ ಹೋಗಿ ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, ಅದಿದ್ದ ಜಾಗದಲ್ಲಿ ಕ್ಯಾಮೆರಾ ಇಟ್ಟ. ರಿಮೋಟಿನ ಮುಖಕ್ಕೆ ನೇರವಾಗಿ. ಅದರ ಪಕ್ಕ ಲಾರಿಯ ಕೀಲಿ ಇಟ್ಟ.

ಗೋಡೆಯ ತುಂಬ ಈಗ ರಿಮೋಟಿನ ಮುಖ. ಮೂಗಿನ ತುದಿಯ ಬೆವರು ಹನಿಯೂ ಕಾಣುತ್ತಿತ್ತು.

"ಏನೋ ಇದು? ಯಾವನೋ ಕಿತ್ಕೊಂಡು ಬಾ ಅಂದೋನು? ನಿನ್ನ ಕಥೆ ಇವತ್ತಿಗೆ ಮುಗೀತು, ಗೊತ್ತಾ?" ರಿಮೋಟ್ ಬಾಗಿಲ ಕಡೆ ನೋಡಿದ, ಫೋನಿನ ಕಡೆ ನೋಡಿದ.

"ಚಾಲಕರೇ, ನಿಮ್ಮ ದೃಷ್ಟಿ ರಸ್ತೆಯ ಮೇಲಿಲ್ಲ" ಎಂದಳು ಅವಳು. ಗೋಡೆಯ ಮೇಲಿನ ಮುಖದ ಸುತ್ತ ಕೆಂಪು ಚೌಕ ಮೂಡಿತು.

ಅರೆಗಣ್ಣ ಹುಬ್ಬಿನ ಮೇಲಿನ ಪ್ಲಾಸ್ಟರಿನ ತುದಿ ಹಿಡಿದು ಒಂದೇ ಸಲಕ್ಕೆ ಎಳೆದ. ನಾಲ್ಕಾರು ರೆಪ್ಪೆಗೂದಲು ಅದರ ಜೊತೆಗೇ ಬಂದವು. ಆ ಪಟ್ಟಿಯನ್ನು ಮೇಜಿನ ಮೇಲೆ, ರಿಮೋಟಿನ ಕೈಯ ಹತ್ತಿರ ಅಂಟಿಸಿದ.

"ಇದು ಸಾರ್ ನಿಮ್ಮ ಸೊನ್ನೆ. ಇದನ್ನ ಹಾಕ್ಕೊಂಡು ಓಡಿಸಿ ಈ ಅಕ್ಕನ ಕಾಲು ಈಗಷ್ಟೇ ತೆಗೀತಿದ್ದೆ. ಅವಳ ಚಪ್ಪಲಿ ಇನ್ನೂ ಚಕ್ರದ ಕೆಳಗಿದೆ. ಹೋಗಿ ನೋಡಿ."

"ನಾಟಕ ಸಾಕು. ಮೊದಲು ಅದನ್ನ ಆಫ್ ಮಾಡು!"

"ಮುಟ್ಟೋ ಹಾಗಿಲ್ಲ ಸಾರ್."

ರಿಮೋಟ್ ಕ್ಯಾಮೆರಾದ ಮೇಲೆ ಅಂಗೈ ಅಡ್ಡ ಹಿಡಿದ. "ಚಾಲಕರೇ, ಕ್ಯಾಮೆರಾಗೆ ಅಡ್ಡಿಪಡಿಸಬೇಡಿ." ಕೈ ಹಿಂದಕ್ಕೆ ಹೋಯಿತು. ಅವನು ಎದ್ದು ನಿಂತ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮಾಮ ಎದ್ದಿದ್ದ. ನಿಧಾನಕ್ಕೆ ನಡೆದು ಹೋಗಿ ಬಾಗಿಲು ಹಾಕಿ, ತನ್ನ ದಪ್ಪ ಬೆನ್ನನ್ನು ಅದಕ್ಕೆ ಒರಗಿಸಿದ. ತಾಯಿ ತೀರಿಕೊಂಡ ಡ್ರೈವರ್ ಬಂದು ಅವನ ಪಕ್ಕ ನಿಂತ.

"ಕೂತ್ಕೊಳ್ಳಿ ಸಾರ್" ಎಂದ ಮಾಮ. "ಒಂದು ಗಂಟೆಯ ಬ್ಯಾಟರಿ ಅಂತ ನೀವೇ ಹೇಳಿದ್ರಲ್ಲ. ಇನ್ನೂ ಐವತ್ತು ನಿಮಿಷ ಇದೆ. ನಾವೂ ನೋಡ್ತೀವಿ."

ರಿಮೋಟ್ ಎಲ್ಲರ ಮುಖ ನೋಡಿದ. ನಿಧಾನವಾಗಿ ಕುರ್ಚಿಯಲ್ಲಿ ಕುಸಿದ. ಗೋಡೆಯ ಮೇಲೆ ಅವನು ಉಗುಳು ನುಂಗಿದ, ಕತ್ತು ತುರಿಸಿಕೊಂಡ, ಕಣ್ಣು ಮಿಟುಕಿಸಿದ. ಪ್ರತಿಯೊಂದಕ್ಕೂ ಕ್ಯಾಮೆರಾದವಳು ಒಂದೊಂದು ಮಾತು ಹೇಳಿದಳು. ನಲವತ್ತು ಜನ ನೋಡುತ್ತಿದ್ದರು. ಈ ಸಲ ಯಾರೂ ನಗಲಿಲ್ಲ.

ಅರೆಗಣ್ಣ ಒಂದು ಸ್ಟೂಲನ್ನು ಅಕ್ಕನಿಗೆ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಕೂತ. ಗೋಡೆಗೆ ತಲೆಯೊರಗಿಸಿ ಎರಡೂ ಕಣ್ಣು ಮುಚ್ಚಿದ.