ವಲ್ಲಿಯ ಕೆಳಗಿನ ಮೊತ್ತ

ದರಿಬಡಚಿಯ ಬೀರದೇವ ಬಂಡಗರನಿಗೆ ಹೊಗಳಿಕೊಳ್ಳಲು ಎರಡೇ ವಿಷಯ. ಒಂದು, ಅವನ ಗಿಣಿಮೂಗಿನ ಮಾಡಗ್ಯಾಳ ತಳಿಯ ಟಗರುಗಳು. ಇನ್ನೊಂದು, ಮಗಳು ಮಂಗಲ. ಟಗರಿನ ಮಾತು ಬಂದಾಗ ಅವನು ಒಂದಿಷ್ಟು ಸುಳ್ಳೂ ಬೆರೆಸುತ್ತಿದ್ದ. ಮಗಳ ಮಾತಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ. ಇದ್ದದ್ದನ್ನೇ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ತನ್ನ ಮಗಳು ಫೋನಿನೊಳಗೆ ಹಮ್ಮಿಣಿ ಹೊಲಿಯುತ್ತಾಳೆಂದು ಅವನು ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದ.

ಜತ್ತದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತ ಮಂಗಲ ಮನೆಯಲ್ಲೇ ಕೂತು ಒಂದು ಕ್ರಿಪ್ಟೋ ವ್ಯಾಲೆಟ್ಟಿನ ಕೆಲಸ ಮಾಡುತ್ತಿದ್ದಳು. ಅದು ಫೋನಿನಲ್ಲಿರುವ ಹಣದ ಚೀಲ, ಹಾಗಾಗಿ ಅಪ್ಪ ಹಮ್ಮಿಣಿ ಎಂದದ್ದು ತಪ್ಪೇನಲ್ಲ. ಅದರ ಹೆಚ್ಚುಗಾರಿಕೆಯೆಂದರೆ ಗುಟ್ಟು. ಯಾರು ಯಾರಿಗೆ ಎಷ್ಟು ಕಳಿಸಿದರೆಂಬುದು ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯದು. ಅದನ್ನು ಕಟ್ಟುವ ಜನರಿಗೂ ಗುಟ್ಟೆಂದರೆ ಜೀವ. ಮಂಗಲಳ ಜೊತೆಗಾರರು ಹತ್ತು ದೇಶಗಳಲ್ಲಿದ್ದರು, ಒಬ್ಬರೂ ನಿಜವಾದ ಹೆಸರು ಹೇಳುತ್ತಿರಲಿಲ್ಲ. ಅವರ ಮುಖಂಡರ ಹೆಸರು ‘ಒಂಟಿ ಗೂಬೆ’. ಆ ಗೂಬೆ ಗಂಡೋ ಹೆಣ್ಣೋ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಮೂರು ತಿಂಗಳು ನೋಡೋಣವೆಂದು ಅವಳಿಗೆ ಕೊಟ್ಟದ್ದು ಒಂದೇ ಪುಟ, ಎಷ್ಟು ಕಳಿಸಬೇಕೆಂದು ಬರೆಯುವ ಪುಟ. ಅಂಕಿ ಬರೆಯಲು ಒಂದು ಚೌಕ, ಆ ಅಂಕಿ ರೂಪಾಯಿಯೋ ಕ್ರಿಪ್ಟೋ ನಾಣ್ಯವೋ ಎಂದು ತೋರಿಸಲು ಪಕ್ಕದಲ್ಲೊಂದು ಸಣ್ಣ ಗುರುತು. ಇದರಲ್ಲೇನಿದೆ ಮಹಾ ಎಂದುಕೊಂಡಿದ್ದಳು. ಆದರೆ ಮೂವತ್ತು ಜನರ ಕೈಗೆ ಆಟದ ಹಣ ಕೊಟ್ಟು ಪರೀಕ್ಷಿಸಿದಾಗ ಆರು ಜನ ತಪ್ಪು ಮೊತ್ತ ಕಳಿಸಿದರು. ಜತ್ತದ ಗೆಳತಿ ದೀಪಾಲಿ ಐನೂರು ರೂಪಾಯಿ ಕಳಿಸಲು ಹೋಗಿ ಐನೂರು ನಾಣ್ಯ ಕಳಿಸಿದ್ದಳು. ನಿಜವಾದ ಹಣವಾಗಿದ್ದರೆ ಅಷ್ಟರಲ್ಲಿ ತಾಲೂಕಿನ ಕುರಿಗಳನ್ನೆಲ್ಲ ಕೊಳ್ಳಬಹುದಿತ್ತು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಈ ವ್ಯಾಲೆಟ್ಟಿನ ಹಣವೂ ಹಾಗೆಯೇ. ಕಳಿಸಿದ್ದು ಹಿಂದೆ ಬರದು, ಗುಟ್ಟಿನ ವ್ಯವಹಾರವಾದ್ದರಿಂದ ದೂರು ಕೊಡಲು ಯಾವ ಬಾಗಿಲೂ ಇಲ್ಲ.

ಮಂಗಲ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರೆದಳು. ಎರಡನೆಯ ಪರೀಕ್ಷೆಯಲ್ಲೂ ನಾಲ್ವರು ತಪ್ಪಿದರು, ಕೆಂಪಕ್ಷರವನ್ನು ಯಾರೂ ಓದಿರಲಿಲ್ಲ. ಗೂಬೆಯಿಂದ ಚುಟುಕಾದ ಸಂದೇಶ ಬಂತು. ಇನ್ನೊಂದೇ ಪರೀಕ್ಷೆ. ಅದರಲ್ಲಿ ಒಬ್ಬರು ತಪ್ಪಿದರೂ ಪುಟ ಬೇರೆಯವರಿಗೆ ಹೋಗುತ್ತದೆ, ಅವಳ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ ಅವಳಿಗೆ ಚುಚ್ಚಿದ್ದು ಅಪ್ಪನ ಡಂಗುರ. ನಾಳೆ ಊರವರು ಅವನನ್ನು ನೋಡಿ ನಕ್ಕರೆ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ತಲೆ ಕೆಟ್ಟು, ಸಂತೆಯ ದಿನ ಅಪ್ಪನ ಜೊತೆ ತಾನೂ ಟೆಂಪೋ ಹತ್ತಿ ಜತ್ತಕ್ಕೆ ಹೋದಳು. ಅಲ್ಲಿ ವ್ಯಾಪಾರಿ ವಿಠೋಬ ದೊಡ್ಡ ಟಗರಿನ ಹಲ್ಲು ನೋಡಿ, ಬೆನ್ನು ತಟ್ಟಿ, ಬೀರದೇವನ ಮುಂದೆ ಕೈ ಚಾಚಿದ. ಬೀರದೇವ ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಕೈಯ ಮೇಲೂ ಹೊದಿಸಿದ. ಆ ಸಂತೆಯಲ್ಲಿ ಟಗರಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ, ವಲ್ಲಿಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಒತ್ತುತ್ತಾರೆ, ಎಷ್ಟು ಬೆರಳೋ ಅಷ್ಟು ಅಂಕಿ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಮಂಗಲ ಇದನ್ನು ಚಿಕ್ಕಂದಿನಿಂದ ನೋಡಿದ್ದಳು, ಆದರೆ ಕಿವಿಗೊಟ್ಟಿದ್ದು ಅವತ್ತೇ. ಅಪ್ಪ ಮೊದಲು ಗಟ್ಟಿಯಾಗಿ “ಸಾವಿರ” ಎಂದ, ಬೆರಳು ಒತ್ತಿದ, ಸುಮ್ಮನೆ ಕಾದ. ವಿಠೋಬನ ಕೈ ಅಲುಗಿತು. ಆಮೇಲೆ ಅಪ್ಪ “ನೂರು” ಎಂದ, ಮತ್ತೆ ಒತ್ತಿದ, ಮತ್ತೆ ಕಾದ. ಹಿಂದೆ ಮುಂದೆ ಹತ್ತು ಸಲ ಹೀಗೆ ನಡೆದು ವ್ಯಾಪಾರ ಕುದುರಿತು. ಎಷ್ಟಕ್ಕೆಂದು ಕೇಳಬೇಡಿ, ಅದು ಅವರಿಬ್ಬರಿಗೇ ಗೊತ್ತು.

ಗುಟ್ಟಿನ ವ್ಯಾಪಾರದಲ್ಲಿ ಸಾವಿರ ಎಂದು ಕೂಗುವುದೇಕೆಂದು ಮಂಗಲ ಹಿಂದಿರುಗುವಾಗ ಟೆಂಪೋದಲ್ಲಿ ಕೇಳಿದಳು.

“ಬೆರಳಿಗೇನ ಗೊತ್ತವ್ವ, ತಾ ಸಾವಿರೋ ನೂರೋ ಅಂತ?” ಎಂದ ಬೀರದೇವ. “ಅದನ್ನ ಮೊದಲ ಬಾಯಿಲೆ ಹೇಳಬೇಕ. ಎಷ್ಟ ಅನ್ನೂದಷ್ಟ ಗುಟ್ಟ. ಮತ್ತ ನಾ ಒತ್ತಿದ್ದನ್ನ ಅಂವ ತಿರುಗಿ ಒತ್ತಬೇಕ. ಒತ್ತಲಿಲ್ಲಂದ್ರ ಮಾತ ಆಗಿಲ್ಲಂತನ ಲೆಕ್ಕ. ನಲವತ್ತ ವರ್ಷ ಆತು, ಒಂದ ತಂಟೆ ಬಂದಿಲ್ಲ.”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನನಗೂ ಕಲಿಸು ಎಂದು ಕೈ ಚಾಚಿದಳು. ಹೆಣ್ಣುಮಕ್ಕಳ ಕೈ ಆ ವಲ್ಲಿಯ ಕೆಳಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಬೀರದೇವ ಒಂದು ಗಳಿಗೆ ಮಗಳ ಮುಖ ನೋಡಿದ, ಆಮೇಲೆ ವಲ್ಲಿ ಹೊದಿಸಿದ. ಊರು ಬರುವಷ್ಟರಲ್ಲಿ ಅವಳು ಮೂರು ಸಲ ತಪ್ಪಿ, ನಾಲ್ಕನೆಯ ಸಲ ಸರಿಯಾಗಿ ತಿರುಗಿ ಒತ್ತಿದ್ದಳು.

ಪುಟವನ್ನು ಅವಳು ಬುಡದಿಂದ ಬದಲಿಸಿದಳು. ಈಗ ರೂಪಾಯಿಯೋ ನಾಣ್ಯವೋ ಎಂದು ಮೊದಲು ಆರಿಸಿದರೆ ಮಾತ್ರ ಅಂಕಿಯ ಚೌಕ ತೆರೆಯುತ್ತದೆ. ಅಂಕಿ ಬರೆದ ಕೂಡಲೇ ಅದು ಅಳಿಸಿಹೋಗುತ್ತದೆ, ಬರೆದವರೇ ಎಷ್ಟೆಂದು ಇನ್ನೊಮ್ಮೆ ಬರೆಯಬೇಕು. ಎರಡೂ ಸಲದ ಅಂಕಿ ಒಂದೇ ಆದರಷ್ಟೇ ಹಣ ಹೊರಡುತ್ತದೆ. ಇಷ್ಟು ತಾಳ್ಮೆ ಯಾರಿಗಿದೆ ಎಂದು ಗೂಬೆ ತಕರಾರು ತೆಗೆದರು. ಬಿಸಿಲಲ್ಲಿ ಟಗರಿನ ಹಗ್ಗ ಹಿಡಿದು ನಿಂತವರಿಗೇ ತಾಳ್ಮೆಯಿದೆ, ಕುರ್ಚಿಯಲ್ಲಿ ಕೂತವರಿಗೆ ಇರಲಾರದೇ ಎಂದು ಮಂಗಲ ಬರೆದಳು. ಗೂಬೆಗೆ ಟಗರಿನ ಮಾತು ತಿಳಿಯಿತೋ ಇಲ್ಲವೋ, ಪರೀಕ್ಷೆಗಂತೂ ಒಪ್ಪಿದರು.

ಮೂವತ್ತು ಜನ ಕಳಿಸಿದರು. ಐದು ಜನ ಮೊದಲ ಸಲ ತಪ್ಪು ಬರೆದು, ಎರಡನೆಯ ಸಲ ತಾವೇ ಹಿಡಿದುಕೊಂಡರು. ತಪ್ಪು ಮೊತ್ತ ಒಂದೂ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಗೂಬೆಯ ಉತ್ತರ ಬಂತು. ಪುಟ ವ್ಯಾಲೆಟ್ಟಿಗೆ ಸೇರಿತು, ಕೆಲಸ ಕಾಯಂ. ಇದನ್ನು ಕಟ್ಟಿದವರ ಪಟ್ಟಿಯಲ್ಲಿ ಯಾವ ಹೆಸರು ಹಾಕಲಿ ಎಂದು ಕೇಳಿದ್ದರು. ಮಂಗಲ ಖುಷಿಗೆ ಅಪ್ಪನ ಹತ್ತಿರ ಓಡಿದಳು. ಅವನು ಕುರಿ ಕೂಡಿಹಾಕುವ ದಡ್ಡಿಯ ಹತ್ತಿರ ಅವಕ್ಕೆ ನೀರು ಕುಡಿಸುತ್ತಿದ್ದ. ಅಲ್ಲಿರುವವರೆಲ್ಲ ಹೆಸರು ಮುಚ್ಚಿಟ್ಟವರು, ನಾನೂ ಒಂದು ಸುಳ್ಳು ಹೆಸರು ಇಟ್ಟುಕೊಳ್ಳಲೇ ಎಂದು ಕೇಳಿದಳು.

ಬೀರದೇವ ಕೊಡ ಕೆಳಗಿಟ್ಟ. “ವಲ್ಲಿ ಕೆಳಗ ಮುಚ್ಚೂದ ಕೈನ, ಮಾರಿ ಅಲ್ಲ. ಮುಚ್ಚಿಕೊಳ್ಳಾವ್ರ ಮುಚ್ಚಿಕೊಳ್ಳಲಿ. ನೀ ಏನ ಕದ್ದಿಯೇನ? ಸಾಲ್ಯಾಗ ಬರದಂಗ ಪೂರಾ ಬರಿ.”

ಶಾಲೆಯಲ್ಲಿ ಬರೆಯುವುದೆಂದರೆ ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ಮಂಗಲ ಅಲ್ಲೇ ನಿಂತು ಹಾಗೆಯೇ ಬರೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಪಟ್ಟಿ ಬಂತು. ಒಂಟಿ ಗೂಬೆ, ಹಸಿರು ಕಲ್ಲು, ಏಳನೆಯ ಮೀನು, ಹೀಗೆ ಹತ್ತು ಹೆಸರು. ಕೊನೆಯದು ಮಂಗಲ ಬೀರದೇವ ಬಂಡಗರ. ಆ ಹನ್ನೊಂದರಲ್ಲಿ ತಂದೆ ಇರುವ ಹೆಸರು ಅದೊಂದೇ. ಅವಳು ಅದನ್ನು ಗಟ್ಟಿಯಾಗಿ ಓದಿದಳು.

ಬೀರದೇವನಿಗೆ ಇಂಗ್ಲಿಷ್ ಬಾರದು. ಕೈ ಒರೆಸಿಕೊಂಡು ಫೋನಿನ ಮೇಲೆ ಬಾಗಿದ. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದಂತೆ ಮಾತಾಡಿದ್ದ ಬೆರಳನ್ನು ನಡುಹಗಲಲ್ಲಿ ಆ ಕೊನೆಯ ಸಾಲಿನ ಮಧ್ಯದಲ್ಲಿಟ್ಟು ಕೇಳಿದ.

“ಇದರಾಗ ನಾ ಇಲ್ಲಿ ಅದೀನೇನ?”

“ಹೂಂ ಯಪ್ಪಾ, ಅಲ್ಲೇ ಅದಿ,” ಎಂದಳು ಮಂಗಲ.

ಅವನು ಬೆರಳು ತೆಗೆಯಲೇ ಇಲ್ಲ.